ಹೆಸರು ಕೆರೆದ ಪ್ಲೇಟು

ಶನಿವಾರ, ೬ ಜನವರಿ ೧೯೬೮

ಬೆಳಗ್ಗೆಯಿಂದ ರೆಕಾರ್ಡುಗಳ ನಡುವಿನ ಚೀಟಿ ಕೆರೆಯುವ ಕೆಲಸ. ಒದ್ದೆ ಬಟ್ಟೆ ಹಾಕಿ ನೆನೆಸುವುದು, ಮೊಂಡು ಚಾಕುವಿನಿಂದ ಕೆರೆಯುವುದು. ಹಾಡಿನ ಹೆಸರು ಹೋಯಿತು, ಹಾಡಿದವನ ಹೆಸರೂ ಹೋಯಿತು. ಉಳಿದದ್ದು ಬೋಳು ವೃತ್ತ. ಮಿಸ್ಟರ್ ಟಲಕ್‌ಗೆ ಹಾಗೇ ಬೇಕು. ಅವನ ಸೌಂಡ್‌ನಲ್ಲಿ, ಅಂದರೆ ಶನಿವಾರದ ಕುಣಿತಕ್ಕೆ ಹಾಕುವ ದೊಡ್ಡ ಸ್ಪೀಕರುಗಳಲ್ಲಿ, ಯಾವ ಹಾಡು ತಿರುಗುತ್ತಿದೆ ಎಂದು ಎದುರಾಳಿ ಸೌಂಡ್‌ನ ಡ್ಯೂಕ್ ಪಿನ್ನಕ್‌ನ ಕಡೆಯವರು ಬಗ್ಗಿ ಓದಬಾರದು. ಓದಿದರೆ ಮುಂದಿನ ಶನಿವಾರ ಅದೇ ಹಾಡು ಪಿನ್ನಕ್‌ನ ಸ್ಪೀಕರಿನಲ್ಲಿ ಕೂಗುತ್ತದೆ, ಜನ ಆ ಕಡೆ ನಡೆಯುತ್ತಾರೆ. ಪಶ್ಚಿಮ ಕಿಂಗ್‌ಸ್ಟನ್ನಿನಲ್ಲಿ ಡ್ಯೂಕ್, ಕೌಂಟ್, ಸರ್‌ಗಳಿಗೆ ಬರವಿಲ್ಲ. ಎಲ್ಲರೂ ದೊರೆಗಳೇ. ನೀರಿಗೆ ಮಾತ್ರ ಬೀದಿ ನಲ್ಲಿಯ ಮುಂದೆ ಸಾಲು.

ಹೊಲಿಗೆ ಬೇರೆ ಬಿದ್ದಿದೆ. ಶಾಲೆ ಶುರು, ನೀಲಿ ಟ್ಯೂನಿಕ್‌ಗಳ ರಾಶಿ. ನಡುವೆ ರೂಡ್ ಬಾಯ್‌ಗಳ ಪ್ಯಾಂಟು. ಇನ್ನೂ ಬಿಗಿ ಬೇಕಂತೆ. ಇನ್ನು ಬಿಗಿ ಮಾಡಿದರೆ ಪಾದ ಬಿಚ್ಚಿಟ್ಟು ಹಾಕಿಕೊಳ್ಳಬೇಕು ಎಂದೆ. ನಕ್ಕರು. ಕೈಗೆ ಕೆಲಸವಿಲ್ಲ, ಜೇಬಿನಲ್ಲಿ ಮಡಚುವ ಚಾಕು, ಆದರೆ ಪ್ಯಾಂಟಿನ ಇಸ್ತ್ರಿ ಗೆರೆ ಚಾಕುವಿಗಿಂತ ಚೂಪಾಗಿರಬೇಕು. ಟಪೆನ್ಸ್ ಅಂತೂ ಪ್ರತಿ ತಿಂಗಳೂ ಬರುತ್ತಾನೆ. ಪಿನ್ನಕ್ ಕಡೆಯ ಹುಡುಗ, ಆದರೂ ಹೊಲಿಗೆಗೆ ನನ್ನ ಹತ್ತಿರವೇ.

ತಮ್ಮ ಲ್ಯಾಸೆಲ್ಸ್ ಗ್ಯಾರೇಜಿನ ಕೆಲಸಕ್ಕೆ ಹೋಗಲಿಲ್ಲ. ಬಾಗಿಲಲ್ಲಿ ಕೂತು ಗಂಟಲು ಸರಿ ಮಾಡಿಕೊಳ್ಳುತ್ತಿದ್ದಾನೆ. ಇವತ್ತು ಟಲಕ್‌ಗಾಗಿ ಸ್ಟುಡಿಯೋದಲ್ಲಿ ಹಾಡುತ್ತಾನೆ.

ಶನಿವಾರ, ೧೩ ಜನವರಿ

ಲ್ಯಾಸೆಲ್ಸ್‌ನ ಪ್ಲೇಟು ಬಂತು! ಅಂಗಡಿಯ ಗಟ್ಟಿ ರೆಕಾರ್ಡಲ್ಲ, ಮೆತ್ತನೆಯ ಮೇಣದ್ದು. ಜನ ಒಪ್ಪುತ್ತಾರೋ ಇಲ್ಲವೋ ನೋಡಲು ಒಂದೇ ಒಂದು ಕೊಯ್ಯುತ್ತಾರೆ. ಒಪ್ಪಿದರೆ ಅಚ್ಚು. ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದಿದೆ, ಬೆರಳಿಗೆ ಸಿಗುತ್ತದೆ.

ಚಾಕು ಬಿಟ್ಟ ಹುಡುಗನೊಬ್ಬ ತಾಯಿಗೆ ಹೇಳಿಕೊಳ್ಳುವ ಹಾಡು. ಕತ್ತಲಾಗುವ ಮೊದಲು ಮನೆಗೆ ಬರುತ್ತೇನೆ, ಬಾಗಿಲು ಹಾಕಬೇಡ ಎನ್ನುತ್ತಾನೆ. ಕೊನೆಗೆ ‘ಅಮ್ಮಾ’ ಎಂದು ಎಳೆಯುತ್ತಾನೆ. ಇವನು ಚಾಕು ಹಿಡಿದದ್ದು ಮಾವು ಹೆಚ್ಚಲು ಮಾತ್ರ. ಹಾಡಿಗೆ ಸುಳ್ಳು ಹೇಳಿದರೆ ಪಾಪವಿಲ್ಲವೇನೋ.

ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ಅವನ ಹೆಸರು. ಮೊದಲ ಸಲ. ಕೆರೆಯಲು ಕೈ ಬರಲಿಲ್ಲ. ಇದೊಂದನ್ನು ಬಿಡಲಾ ಎಂದು ಕೇಳಿದೆ.

“ಕೆರಿಯಕ್ಕಾ, ಟಲಕ್ ಬೈತಾನೆ. ಹೆಸ್ರು ಹೋದ್ರೆ ಹೋಗ್ಲಿ. ಧ್ವನೀನ ಯಾರ್ ಕೆರೀತಾರೆ?”

ಕೆರೆದೆ.

ಭಾನುವಾರ, ೨೮ ಜನವರಿ

ನಿನ್ನೆ ಲಾನ್‌ನಲ್ಲಿ, ಟಲಕ್‌ನ ಕುಣಿತದ ಬಯಲಿನಲ್ಲಿ, ಅವನ ಹಾಡು ಬಂದಾಗ ಜನ ತಗಡಿನ ಬೇಲಿ ಬಡಿದು ಮತ್ತೆ ಹಾಕು ಎಂದರು. ಟಲಕ್ ಮತ್ತೆ ಹಾಕಿದ. ಮತ್ತೆ. ಲ್ಯಾಸೆಲ್ಸ್ ಹುಂಜದ ಹಾಗೆ ಎದೆ ಉಬ್ಬಿಸಿಕೊಂಡು ನಿಂತಿದ್ದ.

ಹೊಸ ತಾಳಕ್ಕೆ ಹೆಸರು ಹುಡುಕುತ್ತಿದ್ದಾರಂತೆ. ರೆಗೆ ಎನ್ನುತ್ತಿದ್ದಾನೆ ಲ್ಯಾಸೆಲ್ಸ್. ನಮ್ಮಲ್ಲಿ ರೆಗೆ-ರೆಗೆ ಅಂದರೆ ಚಿಂದಿ ಬಟ್ಟೆ. ಜಗಳಕ್ಕೂ ಅದೇ ಮಾತು. ಎರಡೂ ನಮ್ಮ ಓಣಿಯಲ್ಲಿ ಧಾರಾಳ, ಸರಿಯಾದ ಹೆಸರೇ ಎಂದೆ.

ಅಮ್ಮ ಕೇಳಿಲ್ಲ. ಚರ್ಚಿನವಳು, ಲಾನ್‌ನ ಗೇಟು ಅವಳಿಗೆ ನರಕದ ಬಾಗಿಲು. ಅಚ್ಚಾಗಿ ಬಂದ ದಿನ ಪಕ್ಕದ ಮನೆಯ ಮಿಸ್ ವರ್ನಾಳ ಗ್ರಾಮಫೋನಿನಲ್ಲಿ ಕೇಳಿಸುತ್ತಾನಂತೆ. ಟಲಕ್‌ನನ್ನು ಅಚ್ಚಿನ ಬಗ್ಗೆ ಕೇಳಿದೆ. ತಲೆ ಅಲ್ಲಾಡಿಸಿದ. ಹೌದೋ ಅಲ್ಲವೋ ತಿಳಿಯಲಿಲ್ಲ.

ಬುಧವಾರ, ೧೪ ಫೆಬ್ರವರಿ

ಲ್ಯಾಸೆಲ್ಸ್ ಇಲ್ಲ.

ಶನಿವಾರ ಪಿನ್ನಕ್‌ನ ಹುಡುಗರು ಲಾನ್‌ಗೆ ನುಗ್ಗಿ ಸ್ಪೀಕರಿನ ವೈರ್ ಕತ್ತರಿಸಲು ಬಂದರು. ಇವನು ಸ್ಪೀಕರಿನ ಪೆಟ್ಟಿಗೆಗೆ ಅಡ್ಡ ನಿಂತನಂತೆ. ಮರದ ಪೆಟ್ಟಿಗೆಗೆ. ಕುತ್ತಿಗೆಗೆ ಚಾಕು ಬಿತ್ತು. ಸುದ್ದಿ ಕೇಳಿ ಬಂದು ನಾನೇ ಹೊತ್ತುಕೊಂಡು ಓಡಿದೆ, ಆಸ್ಪತ್ರೆಯವರೆಗೂ ಉಳಿಯಲಿಲ್ಲ.

ಅಷ್ಟು ಜನ. ಒಬ್ಬರ ಕಣ್ಣಿಗೂ ಬೀಳಲಿಲ್ಲ. ಪೊಲೀಸರು ಕೇಳಿದರು, ಎಲ್ಲರೂ ಅದೇ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದರು.

ಗುರುವಾರ, ೧೫ ಫೆಬ್ರವರಿ

ಗೋಡೆಯ ಮೊಳೆಯಲ್ಲಿ ಟಪೆನ್ಸ್‌ನ ಕಂದು ಬಣ್ಣದ ಟೆರಿಲಿನ್ ಪ್ಯಾಂಟು. ಭಾನುವಾರ ಒಯ್ಯುತ್ತೇನೆ ಎಂದಿದ್ದ. ಒಂದು ದಿನವೂ ತಡಮಾಡುವವನಲ್ಲ. ಬರಲಿಲ್ಲ.

ಬಂದಿದ್ದರೆ ಚಾಕು ಯಾರದೆಂದು ನನಗೆ ಗೊತ್ತಾಗುತ್ತಿರಲಿಲ್ಲ.

ಸೋಮವಾರ, ೨೬ ಫೆಬ್ರವರಿ

ಸತ್ತ ಒಂಬತ್ತನೆಯ ರಾತ್ರಿಯ ಶಾಸ್ತ್ರವೂ ಮುಗಿಯಿತು. ಹುರಿದ ಮೀನು, ರಮ್, ಸ್ತೋತ್ರಗಳು. ಟಲಕ್ ಸೌಂಡ್ ತರುತ್ತೇನೆ ಎಂದ, ಅಮ್ಮ ಬೇಡವೆಂದಳು. ಅಂದು ಪೆಟ್ಟಿಗೆಯ ಮುಂದೆ ನಿಂತವನ ಮುಂದೆ ಇಂದು ಅದೇ ಪೆಟ್ಟಿಗೆ ಬೇಡ. ಸರಿ ಮಾಡಿದಳು.

ಇವತ್ತು ಸ್ಟುಡಿಯೋಗೆ ಹೋದೆ. ಯಂತ್ರ ನೋಡಿಕೊಳ್ಳುವ ಮಿಸ್ಟರ್ ಲಿನ್ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟ. ತಮ್ಮನ ಹಾಡಿನ ಟೇಪು ಕೊಡಿ ಎಂದೆ. ಕಣ್ಣು ತಗ್ಗಿಸಿದ. ಟೇಪು ದುಬಾರಿಯಂತೆ, ಅಚ್ಚು ಹಾಕಿಸದ ಹಾಡನ್ನು ಅಳಿಸಿ ಅದರ ಮೇಲೆ ಮುಂದಿನ ವಾರದವನು ಹಾಡುತ್ತಾನೆ. ಎಲ್ಲ ಕಡೆಯೂ ಹೀಗೇ. ನನ್ನ ತಮ್ಮನ ಮೇಲೆ ಯಾರೋ ಹಾಡಿ ಹೋಗಿದ್ದಾನೆ.

ಹಾಗಾದರೆ ಇರುವುದು ಟಲಕ್‌ನ ರೆಕಾರ್ಡು ಪೆಟ್ಟಿಗೆಯಲ್ಲಿರುವ ಆ ಒಂದೇ ಪ್ಲೇಟು.

ಭಾನುವಾರ, ೧೭ ಮಾರ್ಚ್

ಟಲಕ್ ಅದನ್ನು ಪ್ರತಿ ಶನಿವಾರ ಹಾಕುತ್ತಾನೆ. ಸತ್ತ ಹುಡುಗನ ಹಾಡು ಕೇಳಲು ಟ್ರೆಂಚ್‌ಟೌನ್‌ನ ಆ ತುದಿಯಿಂದಲೂ ಜನ ಬರುತ್ತಾರೆ. ಬದುಕಿದ್ದಾಗ ಒಂದು ಬಿಯರ್ ಕೊಡಿಸದವರು ಈಗ ಕಣ್ಣೊರೆಸಿಕೊಳ್ಳುತ್ತಾರೆ.

ಅಮ್ಮನೂ ಹೋಗತೊಡಗಿದ್ದಾಳೆ. ಗೇಟಿನೊಳಗೆ ಕಾಲಿಡುವುದಿಲ್ಲ. ಚರ್ಚಿನ ಟೋಪಿ ಹಾಕಿಕೊಂಡು ಬೇಲಿಯ ಹೊರಗೆ, ತಗಡಿಗೆ ಅಂಗೈ ಒತ್ತಿ ನಿಲ್ಲುತ್ತಾಳೆ. ತಗಡು ನಡುಗುವುದು ಕೈಗೆ ಗೊತ್ತಾಗುತ್ತದಂತೆ. ಹಾಡು ಮುಗಿದ ಕೂಡಲೇ ಮನೆಗೆ.

ಈಸ್ಟರ್ ಭಾನುವಾರ, ೧೪ ಏಪ್ರಿಲ್

ಬನ್ನು, ಚೀಸು. ಮೂರು ತುಂಡು ಕೊಯ್ದೆ. ಒಂದು ಹಾಗೇ ಉಳಿಯಿತು.

ನಿನ್ನೆ ಕಿವಿಗೊಟ್ಟು ಕೇಳಿದೆ. ಅವನ ಧ್ವನಿಯ ಸುತ್ತ ಏನನ್ನೋ ಹುರಿಯುವ ಸದ್ದು. ಮೆತ್ತನೆಯ ಮೇಣ, ಸೂಜಿ ಪ್ರತಿ ಸಲವೂ ಒಂದಿಷ್ಟು ತಿನ್ನುತ್ತದೆ. ಸಾಲದ್ದಕ್ಕೆ ಟಲಕ್ ಸೂಜಿ ಜಿಗಿಯದಿರಲೆಂದು ಅದರ ತೋಳಿನ ಮೇಲೆ ದೊಡ್ಡ ಪೆನ್ನಿ ನಾಣ್ಯ ಅಂಟಿಸಿದ್ದಾನೆ.

ಪ್ಲೇಟು ಕೊಟ್ಟುಬಿಡಿ, ಇಲ್ಲವೇ ಹಾಕುವುದನ್ನಾದರೂ ನಿಲ್ಲಿಸಿ ಎಂದು ಅವನಿಗೆ ಹೇಳಿದೆ. ಮೇ ತಿಂಗಳಲ್ಲಿ ಪಿನ್ನಕ್ ಜೊತೆ ಸೌಂಡ್‌ಗಳ ಪಂದ್ಯವಿದೆ, ಅಲ್ಲಿಯವರೆಗೆ ಆಗದು ಎಂದ. ಇಡೀ ಕಿಂಗ್‌ಸ್ಟನ್ನಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ ಹಾಡು ಅದೊಂದೇ. ಪಿನ್ನಕ್‌ನನ್ನು ಅದರಿಂದಲೇ ಹೂಳುತ್ತಾನಂತೆ.

“ನೋಡು ಐಸಿ, ಅವ್ನೀಗ ನಿನ್ನೊಬ್ಳ ತಮ್ಮ ಅಲ್ಲ. ಓಣಿಗೆಲ್ಲಾ ತಮ್ಮ.”

“ಓಣಿ ಅವನನ್ನ ಹೊತ್ಕೊಂಡು ಆಸ್ಪತ್ರೆಗೆ ಓಡ್ಲಿಲ್ಲ ಮಿಸ್ಟರ್ ಟಲಕ್. ನಾನೇ ಓಡಿದ್ದು.”

ಮಾತು ತಿರುಗಿಸಿದ. ಮುಂದಿನ ವಾರ ಕೆರೆಯಬೇಕಾದ ಪ್ಲೇಟುಗಳನ್ನು ಕೊಟ್ಟು ಕಳಿಸಿದ.

ಶನಿವಾರ, ೧೧ ಮೇ, ಮಧ್ಯಾಹ್ನ

ಪಂದ್ಯ ಇವತ್ತು. ಟಲಕ್‌ನ ರೆಕಾರ್ಡು ಪೆಟ್ಟಿಗೆ ಬೆಳಗ್ಗೆಯೇ ಮನೆಗೆ ಬಂತು, ಒರೆಸಿ ಜೋಡಿಸಲು. ಎಲ್ಲ ಬೋಳು ಪ್ಲೇಟುಗಳು, ಅವಳಿಜವಳಿ ಮಕ್ಕಳ ಹಾಗೆ. ಟಲಕ್‌ಗೆ ಜಾಗದ ಮೇಲೇ ಗುರುತು, ಮುಂದಿನಿಂದ ಎರಡನೆಯದು ಲ್ಯಾಸೆಲ್ಸ್.

ಬೆರಳಿಗೆ ಅಂಚಿನ ಕಚ್ಚು ಸಿಕ್ಕಿತು. ತೆಗೆದೆ. ಆ ಜಾಗದಲ್ಲಿ ಬೇರೊಂದನ್ನು ಇಟ್ಟೆ. ಟಲಕ್ ಕಲಿಸಿದ ವಿದ್ಯೆ ಅವನಿಗೇ ತಿರುಗಿತು.

ಭಾನುವಾರ, ೧೨ ಮೇ

ಟಲಕ್ ಮೈಕಿನಲ್ಲಿ ಸತ್ತ ಹುಡುಗನ ಹೆಸರು ಹೇಳಿ, ಟೋಪಿ ತೆಗೆಯಿರಿ ಎಂದನಂತೆ. ಎಲ್ಲರೂ ತೆಗೆದರು. ಸೂಜಿ ಇಳಿಯಿತು. ಹೋದ ವರ್ಷದ ಯಾವುದೋ ಪೋಲಿ ಹಾಡು ಬಂತು. ಪಿನ್ನಕ್‌ನ ಕಡೆಯವರು ನೆಲಕ್ಕೆ ಬಿದ್ದು ನಕ್ಕರು. ಪಂದ್ಯ ಹೋಯಿತು.

ಚರ್ಚಿನ ಹೊತ್ತಿಗೆ ಟಲಕ್ ಮನೆಗೆ ಬಂದ. ಬಾಗಿಲಿಗೆ ಅಮ್ಮ ಅಡ್ಡ ನಿಂತಳು. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ, ಆದರೂ ನಿಂತಳು. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ನನ್ ಹತ್ರ ಇದ್ದಿದ್ರೆ ಜನ ಕೇಳ್ತಿದ್ರು. ನೀನು ಅವನನ್ನ ಎರಡನೇ ಸಲ ಹೂತೆ.”

ಇನ್ನು ಚೀಟಿ ಕೆರೆಯುವ ಕೆಲಸ ನನಗಿಲ್ಲ.

ಭಾನುವಾರ, ೨ ಜೂನ್

ಅಮ್ಮನಿಗೆ ಹೇಳಿದೆ. ಮನೆಯಲ್ಲೇ ಇದೆ ಎಂದಾಗ ಅವಳ ಮುಖ ನೋಡಬೇಕಿತ್ತು. ಹಾಕುವಂತಿಲ್ಲ ಎಂದಾಗ... ನೋಡಬಾರದಿತ್ತು. ಹಾಕಿದಷ್ಟೂ ಸವೆಯುತ್ತದೆ, ಇನ್ನು ಉಳಿದಿರುವುದೇ ಸ್ವಲ್ಪ ಎಂದು ವಿವರಿಸಿದೆ.

“ಮತ್ತೆ ಯಾವಾಗ ಕೇಳೋದೇ? ನಾನು ಸತ್ಮೇಲಾ?”

ರೇಗಿದೆ. ನನಗೂ ಕೇಳಬೇಕು, ಅವಳೊಬ್ಬಳಿಗೇ ಅಲ್ಲ.

ಟಪೆನ್ಸ್‌ನ ಪ್ಯಾಂಟು ಇನ್ನೂ ಮೊಳೆಯಲ್ಲೇ ಇತ್ತು. ಬಿಚ್ಚಿ, ಪ್ಲೇಟಿಗೆ ಚೀಲ ಹೊಲಿದೆ. ಒಳ್ಳೆಯ ಬಟ್ಟೆ, ಧೂಳು ಹಿಡಿಯುವುದಿಲ್ಲ. ಅವನು ಕಿತ್ತದ್ದನ್ನು ಅವನ ಬಟ್ಟೆಯೇ ಕಾಯಲಿ.

ಗುರುವಾರ, ೨೦ ಜೂನ್

ದೇವರಿದ್ದಾನೆ. ಮಿಸ್ಟರ್ ಲಿನ್ ಬೀದಿಯಲ್ಲಿ ಸಿಕ್ಕ. ಪ್ಲೇಟು ನನ್ನ ಹತ್ತಿರ ಉಳಿದಿದೆ ಎಂದದ್ದೇ ತಡ, ಮುಖ ಅರಳಿತು. ಅದರಿಂದಲೇ ಟೇಪಿಗೆ ಇಳಿಸಬಹುದಂತೆ, ಟೇಪಿನಿಂದ ಎಷ್ಟು ಬೇಕಾದರೂ ಹೊಸ ಪ್ಲೇಟು. ಅಲ್ಲಿಯವರೆಗೆ ಸೂಜಿ ಮುಟ್ಟಿಸಬೇಡ ಎಂದ. ಜುಲೈ ಎರಡು, ಮಂಗಳವಾರ ಬೆಳಗ್ಗೆ ಯಂತ್ರ ಖಾಲಿ.

ಅಮ್ಮನಿಗೆ ಹೇಳಿದೆ. ಹೊಸದು ಬಂದಮೇಲೆ ಬೆಳಗ್ಗೆ ಸಂಜೆ ಕೇಳು, ಬೇಡ ಅನ್ನುವುದಿಲ್ಲ ಎಂದೆ. ಎಷ್ಟೋ ತಿಂಗಳ ಮೇಲೆ ಪಾತ್ರೆ ತೊಳೆಯುತ್ತಾ ಗುನುಗಿದಳು.

ಸೋಮವಾರ, ೧ ಜುಲೈ

ಹೇಗೆ ಬರೆಯಲಿ.

ಟ್ಯೂನಿಕ್‌ಗಳನ್ನು ಕೊಡಲು ಬೆಳಗ್ಗೆ ಕ್ರಾಸ್‌ರೋಡ್ಸ್‌ಗೆ ಹೋಗಿದ್ದೆ. ಬಸ್ಸು ಇಲ್ಲ, ನಡೆದು ಬಂದಾಗ ಸಂಜೆ. ಓಣಿಯ ತಿರುವಿನಲ್ಲೇ ಕೇಳಿಸಿತು. ಡ್ರಮ್ಮು, ಬಾಸು. ನಮ್ಮ ಅಂಗಳ ತುಂಬ ಜನ. ನಡುವೆ ಮಿಸ್ ವರ್ನಾಳ ಗ್ರಾಮಫೋನು, ಪಕ್ಕದಲ್ಲಿ ಕುರ್ಚಿ ಹಾಕಿ ಅಮ್ಮ. ಕಂದು ಚೀಲ ಮಡಿಲಲ್ಲಿ.

ಲ್ಯಾಸೆಲ್ಸ್‌ನ ಹುಟ್ಟಿದ ದಿನ. ನಾನು ಮರೆತಿದ್ದೆ. ಎರಡನೆಯ ತಾರೀಖು, ಯಂತ್ರ, ಟೇಪು... ಅದೊಂದೇ ತಲೆಯಲ್ಲಿ. ತಾರೀಖು ನೆನಪಿತ್ತು, ಹುಡುಗ ನೆನಪಿರಲಿಲ್ಲ.

ಬೆಳಗ್ಗೆಯಿಂದ ಹಾಕುತ್ತಿದ್ದಾಳೆ. ಬಂದವರಿಗೆಲ್ಲ ಒಂದು ಸಲ, ತನಗೆ ಒಂದು ಸಲ. ಎಷ್ಟು ಸಲ ಎಂದು ಕೇಳುವ ಧೈರ್ಯವಾಗಲಿಲ್ಲ.

“ನಾಳೆ ಹೊಸ್ದು ಬರತ್ತಲ್ಲೇ,” ಎಂದಳು. “ಹಳೇದು ಇನ್ಯಾಕೆ ಇಟ್ಕೊಳೋದು? ಬಾ, ಕೂತ್ಕೋ. ಇವತ್ತು ಅವ್ನಿಗೆ ಇಪ್ಪತ್ತು.”

ತಪ್ಪು ನನ್ನದು. ಆಸೆ ಕೊಟ್ಟವಳು ನಾನು.

ಮಂಗಳವಾರ, ೨ ಜುಲೈ

ಹೋದೆ. ಸ್ಟುಡಿಯೋಗೆ ಹೋಗದೆ ಇರಲಾಗಲಿಲ್ಲ. ಅಮ್ಮ ಬಾಗಿಲವರೆಗೆ ಬಂದು ನನ್ನ ಟೋಪಿ ಸರಿಮಾಡಿ ಕಳಿಸಿದಳು.

ಮಿಸ್ಟರ್ ಲಿನ್ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಪೂರ್ತಿ ಕೇಳಿದ. ಯಂತ್ರದ ಗುಂಡಿಗಳನ್ನು ತಿರುಗಿಸಿ ಮತ್ತೆ ಕೇಳಲು ಹೋದವನು ಕೈ ಹಿಂದಕ್ಕೆ ತೆಗೆದ. ಹೆಡ್‌ಫೋನು ಬಿಚ್ಚಿ ಮೇಜಿನ ಮೇಲೆ ಇಟ್ಟ.

“ಡ್ರಮ್ ಇದೆ ಮಿಸ್ ಐಸಿ. ಹುಡುಗ ಇಲ್ಲ.”

ನನಗೂ ಕೇಳಿಸಿದ. ಮಳೆ ಸುರಿಯುವಂಥ ಸದ್ದು, ಅದರ ಹಿಂದೆ ಬಾಸು, ಎಲ್ಲೋ ದೂರದಲ್ಲಿ ಯಾರೋ ಬಾಯಿ ತೆರೆದ ಹಾಗೆ. ಅಷ್ಟೇ.

ಶನಿವಾರ, ೬ ಜುಲೈ

ಹೊಸ ಪ್ಲೇಟು ತಡವಾಗುತ್ತದೆ ಎಂದು ಅಮ್ಮನಿಗೆ ಹೇಳಿದ್ದೇನೆ. ನಂಬಿದ್ದಾಳೆ. ಹಳೆಯದನ್ನೇ ದಿನವೂ ಹಾಕುತ್ತಾಳೆ, ಈಗ ನಾನು ತಡೆಯುವುದಿಲ್ಲ. ಅವಳಿಗೆ ಚೆನ್ನಾಗಿ ಕೇಳಿಸುತ್ತದೆ. ನೋಡು, ಈ ಜಾಗದಲ್ಲಿ ಉಸಿರು ತಗೋತಾನೆ ಎನ್ನುತ್ತಾಳೆ. ಹೌದಮ್ಮ ಎನ್ನುತ್ತೇನೆ. ನನಗೆ ಕೇಳಿಸುವುದು ಅವಳ ಧ್ವನಿ ಮಾತ್ರ. ಇಡೀ ಹಾಡು ಅವಳಿಗೆ ಬಾಯಿಗೆ ಬಂದಿದೆ.

ಪಿನ್ನಕ್‌ನ ಲಾನ್ ಕಡೆಯಿಂದ ಹೊಸ ತಾಳ ಕೇಳಿಸುತ್ತಿದೆ. ಈಗ ಎಲ್ಲರೂ ರೆಗೆ ಎಂದೇ ಅನ್ನುತ್ತಾರೆ. ಟಪೆನ್ಸ್ ಅಲ್ಲಿ ಕುಣಿಯುತ್ತಾನಂತೆ, ಬೇರೆ ಯಾರೋ ಹೊಲಿದ ಪ್ಯಾಂಟಿನಲ್ಲಿ.

ಭಾನುವಾರ, ೭ ಜುಲೈ

ಅಮ್ಮ ಚರ್ಚಿಗೆ ಹೋಗಿದ್ದಾಳೆ. ಮನೆ ನಿಶ್ಶಬ್ದ. ಹಾಡನ್ನು ಬರೆದಿಡೋಣ ಎಂದು ಕೂತೆ. ಮಾತುಗಳೆಲ್ಲ ನೆನಪಿವೆ, ಒಂದೂ ತಪ್ಪಿಲ್ಲ. ಚಾಕು, ಕತ್ತಲು, ಬಾಗಿಲು. ಮನಸ್ಸಿನಲ್ಲೇ ಅವನ ಹಾಗೆ ಹಾಡಿಕೊಂಡು ನೋಡಿದೆ. ಕೊನೆಯವರೆಗೆ ಬಂದೆ. ಅಲ್ಲಿ ‘ಅಮ್ಮಾ’ ಎಂದು ಎಳೆಯುತ್ತಿದ್ದನಲ್ಲ... ಎಳೆದು ಧ್ವನಿಯನ್ನು ಮೇಲಕ್ಕೆ ಒಯ್ಯುತ್ತಿದ್ದನೋ, ಇಲ್ಲ, ಕೆಳಕ್ಕೆ —