ಎಂಟನೆಯ ಮಡಿಕೆಯ ಹೆಚ್ಚಿನ ಸಾಲುಗಳು

ನೀರೇರಿದ ೩೧೨ನೆಯ ವರ್ಷ, ಹದಿಮೂರನೆಯ ತಿಂಗಳ ಮೂವತ್ತೆಂಟನೆಯ ದಿನ.

ಕನ್ನಡ ಓದಬಲ್ಲ, ನಾನೂರು ವರ್ಷ ಹಿಂದಿನವರಿಗೆ ಏಳನೆಯ ಊರಿನ ಓದುಗಾರ ಕರಿಬಸವನ ನಮಸ್ಕಾರ. ನಿಮ್ಮ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತು ಬರೆಯುತ್ತಿದ್ದೇನೆ. ಮಾತು ಅಲ್ಲಲ್ಲಿ ಹುಳಿಯಾಗಿದ್ದರೆ ಮನ್ನಿಸಿ. ತಿಂಗಳಿಗೆ ಮೂವತ್ತೆಂಟು ದಿನ ಎಲ್ಲಿಂದ ಬಂತು ಎನ್ನಬೇಡಿ. ನಮ್ಮಲ್ಲಿ ಮಳೆ ನಿಂತ ದಿನ ಈ ತಿಂಗಳು ಮುಗಿಯುತ್ತದೆ. ಈ ಸಲ ಇನ್ನೂ ನಿಂತಿಲ್ಲ.

ವಿಷಯ ಒಂದು ಗ್ರಂಥದ್ದು. ನಿಮ್ಮ ಕಾಲಕ್ಕೂ ಐನೂರೈವತ್ತು ವರ್ಷ ಹಿಂದೆ ಇಟಲಿಯ ಒಬ್ಬ ಲಿಪಿಕಾರ, ತನಗಿಂತ ಸಾವಿರದೈನೂರು ವರ್ಷ ಹಳೆಯದಾದ ಲ್ಯಾಟಿನ್ ಮಹಾಕಾವ್ಯವೊಂದನ್ನು ಕರುವಿನ ತೊಗಲಿನ ಹಾಳೆಗಳ ಮೇಲೆ ನಕಲು ಮಾಡಿದ. ಪುಟಕ್ಕೆ ಮೂವತ್ತು ಸಾಲು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ದೊಡ್ಡ ಅಕ್ಷರಗಳನ್ನು ಬಣ್ಣದಲ್ಲಿ ಬರೆಯಲು ಬಿಟ್ಟ ಚೌಕಗಳು ಖಾಲಿ ಉಳಿದಿವೆ. ಬಣ್ಣದವನು ಬರಲೇ ಇಲ್ಲವೆಂದು ಕಾಣುತ್ತದೆ. ಕಡಲ ನೀರೇರಿದಾಗ ದೋಣಿಗಳಲ್ಲಿ ನಮ್ಮ ಕಡೆ ಬಂದವರು ಅದನ್ನು ಹೊತ್ತು ತಂದರು. ನಮ್ಮವರು ಅವರಿಗೆ ಜಾಗ ಕೊಟ್ಟರು, ಅವರು ನಮಗೆ ಕಥೆ ಕೊಟ್ಟರು. ಯಾರು ದೋಣಿಯವರು, ಯಾರು ನೆಲದವರು ಎಂಬುದು ಮೂರು ತಲೆಮಾರಿನಲ್ಲಿ ಮರೆತುಹೋಯಿತು. ಹೆಸರುಗಳಲ್ಲಿ ಒಂದಿಷ್ಟು ಉಳಿದಿದೆ. ಮಕ್ಕಳು ಈಗಲೂ ಮಗ್ಗಿಯ ಜೊತೆಗೆ ಲ್ಯಾಟಿನ್ ಕಲಿಯುತ್ತಾರೆ.

ಒಂದೇ ಕಡೆ ಇಟ್ಟರೆ ಒಂದೇ ಬೆಂಕಿಗೆ ಹೋದೀತೆಂದು ಹಿರಿಯರು ಗ್ರಂಥದ ಹೊಲಿಗೆ ಬಿಚ್ಚಿದರು. ಹತ್ತು ಹಾಳೆಗಳ ಒಂದೊಂದು ಕಟ್ಟನ್ನು ನಾವು ಮಡಿಕೆ ಎನ್ನುತ್ತೇವೆ. ಹದಿನೈದು ಮಡಿಕೆ, ಹದಿನೈದು ಊರು. ಪ್ರತಿ ಮಡಿಕೆಯ ಕೊನೆಯ ಪುಟದ ಕೆಳಗೆ, ಹೊಲಿಯುವವನು ತಪ್ಪಬಾರದೆಂದು, ಲಿಪಿಕಾರ ಮುಂದಿನ ಮಡಿಕೆಯ ಮೊದಲ ಪದವನ್ನು ಸಣ್ಣದಾಗಿ ಬರೆದಿದ್ದಾನೆ. ಅದು ನಮಗೆ ಕರೆಪದ. ಸುಗ್ಗಿ ಮುಗಿದ ಮೇಲೆ ಎಲ್ಲ ಊರಿನವರೂ ಒಂದೆಡೆ ಸೇರಿ ಕಾವ್ಯ ಓದುತ್ತೇವೆ. ಒಂದೂರಿನವರು ಮುಗಿಸಿ ಕರೆಪದ ಕೂಗುತ್ತಾರೆ, ಮುಂದಿನ ಊರಿನವರು ಅದನ್ನೇ ಹಿಡಿದು ಎತ್ತಿಕೊಳ್ಳುತ್ತಾರೆ. ಹೀಗಾಗಿ ಏಳನೆಯವರಾದ ನಮಗೆ ಎಂಟನೆಯ ಊರಿನವರು ಬೀಗರಿಗಿಂತ ಹತ್ತಿರ.

ನಾಲ್ಕು ವರ್ಷದ ಹಿಂದೆ ಹರಿಗೋಲು ಮಗುಚಿ ಎಂಟನೆಯ ಮಡಿಕೆ ಹೊಳೆಯ ಪಾಲಾಯಿತು. ಉಳಿದ ಊರಿನವರೆಲ್ಲ ತಮ್ಮ ತಮ್ಮ ಮಡಿಕೆಗೆ ನಕಲು ಮಾಡಿಟ್ಟುಕೊಂಡಿದ್ದಾರೆ. ಎಂಟನೆಯವರು ಮಾಡಿರಲಿಲ್ಲ. ದುಗ್ಗವ್ವನ ಬಾಯಲ್ಲಿ ಇದೆಯಲ್ಲ, ತೊಗಲು ಹದ ಮಾಡಿ ಕೈ ಯಾಕೆ ನಾರಿಸಿಕೊಳ್ಳಬೇಕು ಎಂಬ ಧೈರ್ಯ. ದುಗ್ಗವ್ವ ಆ ಊರಿನ ಓದುಗಾರ್ತಿ, ಈಗ ಎಂಬತ್ತಾರು ವರ್ಷ. ಒಂದಕ್ಷರ ಕೂಡಿಸುವುದಿಲ್ಲ, ಒಂದಕ್ಷರ ಬಿಡುವುದಿಲ್ಲ ಎಂದು ಸೋದರತ್ತೆಯ ಕೈ ಮುಟ್ಟಿ ಮಾತು ಕೊಟ್ಟು ಕಲಿತವಳು. ಆಕೆ ಹೇಳುತ್ತ ಹೋದಳು, ಅವರೂರಿನ ಬರಹಗಾರ ಪಾವ್ಲಪ್ಪ ಬರೆಯುತ್ತ ಹೋದ. ಇಪ್ಪತ್ತು ಪುಟಕ್ಕೆ ಆರುನೂರು ಸಾಲು ಆಗಬೇಕಿತ್ತು. ಆರುನೂರ ನಲವತ್ತೊಂದು ಆಯಿತು.

ಹೆಚ್ಚಿನ ನಲವತ್ತೊಂದು ಯಾವುವೆಂದು ಹುಡುಕುವಾಗ ಪಾವ್ಲಪ್ಪನ ಕಣ್ಣು ಬಿದ್ದದ್ದು ಅಂಬಲಿಯ ಮೇಲೆ. ಆ ಮಡಿಕೆಯಲ್ಲಿ ಬರುವ ಕೋಟೆಯ ಮುತ್ತಿಗೆಯ ನಡುವೆ ಒಬ್ಬ ಮುದುಕಿ ಕೋಟೆ ಕಾಯುವವರಿಗೆ ಅಂಬಲಿ ಬಡಿಸುತ್ತಾಳೆ, ಅವರು ಉಪ್ಪು ಸಾಲದೆಂದು ಗೊಣಗುತ್ತಾರೆ.

"ಬಾಣ ಬೀಳಾಕ ಹತ್ಯಾವ. ಅದರಾಗ ಅಂಬ್ಲಿ ಯಾರ ಕುಡೀತಾರ, ಯವ್ವಾ?" ಎಂದ ಪಾವ್ಲಪ್ಪ.

"ಯಾಕೋ, ಬಾಣ ಬಿಡೋರಿಗೆ ಹೊಟ್ಟಿ ಇರೂದಿಲ್ಲೇನು? ನಿನಗಷ್ಟ ಐತೇನು?" ಎಂದಳು ದುಗ್ಗವ್ವ.

ಕುಳಿತವರೆಲ್ಲ ನಕ್ಕರು. ಪಾವ್ಲಪ್ಪ ಹೆಗಲ ಮೇಲಿನ ವಲ್ಲಿಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡ. ನಗು ನಿಂತ ಮೇಲೆ ಆಕೆ ಮೆಲ್ಲಗೆ, "ಅತ್ತಿ ಹಂಗ ಕಲಿಸಿದ್ಲು. ಹಂಗಂತ ನನಗ ಅನಸ್ತೈತಿ," ಎಂದಳು. ತಾನು ಆಡಿದ ಮಾತಿಗೆ ತಾನೇ ಬೆಚ್ಚಿದಳು. ಅಂದಿನಿಂದ ಎಂಟನೆಯ ಮಡಿಕೆಯ ಒಂದು ಸಾಲೂ ಆಕೆಯ ಬಾಯಿಂದ ಬಂದಿಲ್ಲ.

ಇರುವಷ್ಟನ್ನೂ ಹೊಸ ತೊಗಲಿಗೆ ಇಳಿಸಿದರಾಯಿತು ಎಂದರು ಊರವರು. ನಾನೂ ಅದನ್ನೇ ಹೇಳಿದೆ. ಕಥೆ ಹೇಳುವವನಿಗೆ ಉಪ್ಪಿಲ್ಲದ ಅಂಬಲಿಯನ್ನು ಬಿಟ್ಟುಕೊಡಲು ಮನಸ್ಸು ಬಂದೀತೇ? ದುಗ್ಗವ್ವ ಒಪ್ಪಲಿಲ್ಲ. "ನಿಮಗ ಕಥಿ ಸಿಕ್ಕರ ಸಾಕಪ್ಪ. ಅತ್ತಿಗೆ ಕೊಟ್ಟ ಮಾತ ನಾ ಉಳಿಸ್ಕೊಂಡೀನೋ ಇಲ್ಲೋ, ಸಾಯೂದ್ರಾಗ ನನಗ ಗೊತ್ತಾಗಬೇಕು."

ಅದಕ್ಕೇ ಈ ಕಾಗದ. ನಿಮ್ಮ ಕಾಲದಲ್ಲಿ ಗ್ರಂಥ ಇನ್ನೂ ಬಿಡಿಯಾಗಿಲ್ಲ. ದೂರದ ಊರಿನ ಗ್ರಂಥಾಲಯವೊಂದರಲ್ಲಿ ಬೆಚ್ಚಗಿದೆ. ಆಕೆ ಹೇಳಿದ ಸಾಲುಗಳಿಗೆಲ್ಲ ಸಂಖ್ಯೆ ಹಾಕಿ, ಆ ಊರಿನ ಹೆಸರನ್ನೂ ಬರೆದು ಇದರೊಡನೆ ಇಟ್ಟಿದ್ದೇನೆ. ಎಂಟನೆಯ ಮಡಿಕೆಯ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಗ್ರಂಥದಲ್ಲಿ ಇಲ್ಲದ ಸಾಲುಗಳ ಸಂಖ್ಯೆಯನ್ನಷ್ಟೇ ಕಲ್ಲಿನಲ್ಲಿ ಕೊರೆಸಿ. ನಮ್ಮ ಹಿನ್ನಡೆ ಅಂಚೆ ಕಾಗದವನ್ನು ಕಾಲದಲ್ಲಿ ಹಿಂದಕ್ಕೆ ಒಯ್ಯುತ್ತದೆಯೇ ಹೊರತು ಮುಂದಕ್ಕೆ ತರುವುದಿಲ್ಲ. ಮುಂದಕ್ಕೆ ಬರಲು ಕಲ್ಲೇ ಬೇಕು. ತುಂಗಭದ್ರೆಯ ಬಡಗಣ ದಂಡೆಯಲ್ಲಿ ಆಮೆಯಂತೆ ಕವುಚಿದ ಬಂಡೆಯೊಂದಿದೆ. ನಕ್ಷೆಯಲ್ಲಿ ಗುರುತು ಹಾಕಿದ್ದೇನೆ. ಅದರ ಒಳಮೈಗೆ ಮಳೆ, ಬಿಸಿಲು ತಾಗುವುದಿಲ್ಲ. ಅಲ್ಲಿ ಕೊರೆಸಿ. ಕಾಗದ ಹೊರಡುವ ಮುಂಚೆ ಉತ್ತರ ಹುಡುಕಬಾರದೆಂಬುದು ಅಂಚೆಯವರ ಕಟ್ಟಳೆಯಾದ್ದರಿಂದ ಈ ಕಾಗದದ ಯೋಚನೆ ಬಂದ ಮೇಲೆ ನಾವ್ಯಾರೂ ಅತ್ತ ಸುಳಿದಿಲ್ಲ.

ವಯಸ್ಸು ನೋಡಿ ಮರುಗಿ ಏನನ್ನೂ ಮುಚ್ಚಿಡಬೇಡಿ. ಇದು ಆಕೆಯೇ ಬರೆಸಿದ ಮಾತು. ನಾಳೆ ಬೆಳಿಗ್ಗೆ ಕಾಗದ ಹೊರಡುತ್ತದೆ. ಅದು ಹೊರಟ ಗಳಿಗೆಗೇ ದುಗ್ಗವ್ವ ಕೋಲೂರಿಕೊಂಡು ಬಂಡೆಯ ಕಡೆ ಹೊರಡುತ್ತಾಳೆ. ಯಾರೂ ಜೊತೆಗೆ ಬರಕೂಡದು ಎಂದಿದ್ದಾಳೆ. ಆಕೆಯ ನಡಿಗೆಗೆ ಮಧ್ಯಾಹ್ನವಾದೀತು. ಅಷ್ಟರೊಳಗೆ ನಿಮಗೆ ನಾನೂರು ವರ್ಷ ಸಮಯವಿದೆ. ಅದರಲ್ಲಿ ಒಂದೆರಡು ದಿನ ಆಕೆಗೆ ಕೊಡಿ.