ಕಿವಿಯ ಹಿಂದಿನ ಬೆರಳಗಲ ಜಾಗ

ಹುಬ್ಬಳ್ಳಿ, ಮೇ ೩೮, ೨೧೯೧

ದಾನೇಶ್ವರಿ ಅಜ್ಜಿಯವರಿಗೆ ಗಂಗಾಂಬಿಕೆಯ ಶರಣು.

ತಾರೀಖು ನೋಡಿ ನಗಬೇಡಿ. ಬೇಸಿಗೆ ಮುಗಿಯುವುದೇ ಇಲ್ಲವೆಂದು ಇಲ್ಲಿ ಮೇ ತಿಂಗಳನ್ನೇ ಉದ್ದ ಮಾಡಿದ್ದಾರೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ನನ್ನ ಮುತ್ತಜ್ಜಿಯ ಅಜ್ಜಿ, ಆದರೆ ಈ ಕಾಗದ ಹಿಂದಿನ ಕಾಲಕ್ಕೆ ಹೋಗಿ ನಿಮ್ಮ ಕೈ ಸೇರುವ ಹೊತ್ತಿಗೆ ನೀವಿನ್ನೂ ನನ್ನ ಮಗಳು ನೀಲಾಳ ವಯಸ್ಸಿನವರು. ನಿಮ್ಮದೊಂದು ಫೋಟೊ ಉಳಿದಿದೆ: ಕನ್ನಡಿಯ ಮುಂದೆ ನಿಂತಿದ್ದೀರಿ, ಕೈಯಲ್ಲಿ ಕೊರಿಯಾದ ಸೀರಮ್ ಬಾಟಲಿ, ಕೆನ್ನೆ ಕೆಂಪಗೆ ಉರಿದಿದೆ. ಆ ಕೆನ್ನೆಯೇ ನೀಲಾಳಿಗೂ ಬಂದಿದೆ.

ನಿಮ್ಮ ಬಾಟಲಿಗಳ ಮೇಲೆ ನನಗೆ ಸಿಟ್ಟಿಲ್ಲ. ನೀವು ಚಟ್ನಿ ಅರೆಯುವ ಒಂದೆಲಗವೇ ಅದರಲ್ಲಿ ‘ಸಿಕಾ’ ಎಂದು ಹೆಸರಿಟ್ಟುಕೊಂಡು ಬಂದು ಉರಿ ಆರಿಸುತ್ತಿತ್ತು. ಸಾಲ್ಮನ್ ಮೀನಿನ ಡಿಎನ್‌ಎ ಚೂರುಗಳು ಚರ್ಮ ಕೂಡಿಕೊಳ್ಳಲು ನೆರವಾಗುತ್ತವೆ ಎನ್ನುತ್ತಿದ್ದರು. ಆಮೇಲೆ ಎಕ್ಸೋಸೋಮ್ ಬಂತು. ಅದು ಒಂದು ಜೀವಕೋಶ ಇನ್ನೊಂದಕ್ಕೆ ಕಳಿಸುವ, ಕಣ್ಣಿಗೆ ಕಾಣದ ಪೊಟ್ಟಣ. ಪೊಟ್ಟಣದೊಳಗೆ ಏನಿದೆ ಎಂದು ಕೇಳುವವರು ಕಡಿಮೆಯಾಗುತ್ತ ಹೋದರು. ಕೊನೆಗೆ ಬಂದದ್ದು ಮರುತೊಗಲು: ಹಳೆಯ ಚರ್ಮವನ್ನು ಕಳಚಿ ಹೊಸದನ್ನು ಬೆಳೆಸುವ ಲೇಪ. ಆ ಹೊಸ ಚರ್ಮ ಕೆಂಪಾಗುವುದಿಲ್ಲ, ತುರಿಸುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬಿಡಿಸಿದ ಕೈಯಲ್ಲೇ ಮುಖ ಒರೆಸಿಕೊಂಡರೂ ನಮ್ಮ ಓಣಿಯಲ್ಲಿ ಯಾರೂ ಹಾ ಎನ್ನುವುದಿಲ್ಲ. ನಾನೂ ಎನ್ನುವುದಿಲ್ಲ.

ಹೊಸದೇನೇ ಬಂದರೂ ಮೊದಲು ಕಿವಿಯ ಹಿಂದೆ ಹಚ್ಚಿ ಕಾಯುವ ರೂಢಿ ಇನ್ನೂ ಇದೆ. ನಮ್ಮ ಮನೆಯಲ್ಲಿ ಅದನ್ನು ಹಾಕಿಕೊಟ್ಟವರು ನೀವೇ ಅಂತೆ. ಎಲ್ಲರೂ ಶ್ರದ್ಧೆಯಿಂದ ಹಚ್ಚುತ್ತಾರೆ, ಏನೂ ಆಗುವುದಿಲ್ಲ. ಆಗುವುದಾದರೂ ಹೇಗೆ? ಹಚ್ಚುವುದು ಮರುತೊಗಲಿನ ಮೇಲೆ. ಇಷ್ಟು ಸಣ್ಣ ಸಂಗತಿ ಯಾರ ತಲೆಗೂ ಹೊಳೆದಿರಲಿಲ್ಲ. ಹೋದ ತಿಂಗಳು ಮಾರಾಟಕ್ಕೆ ಬಂದ ಹೊಸ ಮುಖಲೇಪಕ್ಕೆ, ಹುಟ್ಟು ಚರ್ಮದವಳಾದ ನೀಲಾಳ ಕಿವಿಯ ಹಿಂದೆ ಬೊಬ್ಬೆ ಎದ್ದವು. ಇದರಲ್ಲಿ ಏನು ಹಾಕಿದ್ದೀರಿ ಎಂದಷ್ಟೇ ಮಾರುವವಳನ್ನು ಕೇಳಿದೆ. ಬೇರೆ ಯಾರೂ ದೂರು ಕೊಟ್ಟಿಲ್ಲ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಮರುದಿನವೇ ಬಂದು, ನೀಲಾಳಿಗೆ ಮರುತೊಗಲು ಪುಕ್ಕಟೆ ಎಂದಳು. ಊರಿಗೆಲ್ಲ ದುಡ್ಡಿಗೆ ಮಾರುವುದು ನನ್ನ ಮಗಳಿಗೆ ಮಾತ್ರ ಪುಕ್ಕಟೆ ಯಾಕೆ?

ನೀಲಾ ಒಪ್ಪಿದಳು. ಬೈಯಲು ನನಗೆ ಬಾಯಿ ಬರಲಿಲ್ಲ. ಬಿಸಿಲಿಗೆ ಹೋದರೆ ಉರಿ, ಬೆವರಿದರೆ ಉರಿ, ಮುಂದಿನ ವಾರ ಅವಳ ಮದುವೆ ನಿಶ್ಚಯದಲ್ಲಿ ಹಚ್ಚುವ ಅರಿಶಿನವೂ ಉರಿ. ಎಷ್ಟೆಂದು ತಾಳಿಯಾಳು? ಆದರೆ ನನಗೆ ಭಯವಾಗುತ್ತದೆ ಅಜ್ಜಿ. ಅವಳ ಚರ್ಮವೂ ಸುಮ್ಮನಾದರೆ, ನಾಳೆ ವಿಷವನ್ನೇ ಬಾಟಲಿಯಲ್ಲಿ ತುಂಬಿ ಕೊಟ್ಟರೂ ಈ ಓಣಿಯಲ್ಲಿ ತಿಳಿಯುವವರಿಲ್ಲ.

ಇವತ್ತು ಬೆಳಿಗ್ಗೆ ಅವಳು ಮರುತೊಗಲಿನ ಲೇಪಕ್ಕೆ ಹೊರಟಳು. ಹೊಸ್ತಿಲಲ್ಲಿ ನಿಂತು ಕೂದಲು ಸರಿಸಿ, ಬೊಬ್ಬೆಯ ಕಲೆ ತೋರಿಸಿದಳು.

“ಇಲ್ಲೊಂದು ಬೆರಳಗಲ ಮುಟ್ಟಬ್ಯಾಡ್ರಿ ಅಂತ ಹೇಳ್ತೀನವ್ವಾ. ಅದು ಉರೀಲಿ.”

ಅವಳು ಹೇಳುತ್ತಾಳೆ, ನಿಜ. ಲೇಪ ಹಚ್ಚುವವರು ಕೇಳುತ್ತಾರೆಯೇ? ಇನ್ನೂ ಮರಳಿಲ್ಲ, ನಾನು ಬಾಗಿಲಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಬೇಡುವುದು ಒಂದೇ. ನಿಮ್ಮ ಕೆನ್ನೆ ಉರಿದಾಗ ನಾಚಬೇಡಿ, ಅದು ಹೇಳುವುದನ್ನು ನಂಬಿ, ನಿಮ್ಮ ಮಕ್ಕಳಿಗೂ ನಂಬಲು ಕಲಿಸಿ. ನೀಲಾ ಬಂದ ಕೂಡಲೇ ಮೆಣಸಿನಕಾಯಿ ಮುಟ್ಟಿದ ಬೆರಳನ್ನು ಅವಳ ಕಿವಿಯ ಹಿಂದೆ ಇಡುತ್ತೇನೆ. ನನ್ನ ಮಗಳು ಹಾ ಎನ್ನಲಿ ಎಂದು ಹರಸಿ.