ಇಬ್ಬರ ಮಾತ್ರೆ

ಮಾರ್ಚ್ 3, ಬೆಳಿಗ್ಗೆ
ಅಂಗಡಿ ತೆರೆದಾಯಿತು. ಪರದೆಯ ಆಚೆ ಗಂಡಸರಿಗೆ ಇವರ ಕತ್ತರಿ, ಈಚೆ ಹೆಂಗಸರಿಗೆ ನನ್ನ ಥ್ರೆಡಿಂಗ್ ದಾರ. ಮದುವೆಯಾಗಿ ಒಂಬತ್ತು ತಿಂಗಳು, ಹೀಗೇ ನಡೆದಿದೆ. ಕಿಬ್ಬೊಟ್ಟೆ ನೋವು ಇವತ್ತೂ ಇದೆ. ಬಿಳಿ ಹೋಗುವುದೂ ನಿಂತಿಲ್ಲ, ವಾಸನೆ ಬೇರೆ. ಇವರು ಶೇವಿಂಗ್ ಆದಮೇಲೆ ಗಿರಾಕಿಗೆ ಹಚ್ಚುವ ಆಂಟಿಸೆಪ್ಟಿಕ್ ನೀರಿಗೆ ಬೆರೆಸಿ ಒಳಗೆಲ್ಲ ತೊಳೆದುಕೊಂಡೆ. ಎರಡು ತಿಂಗಳಿಂದ ದಿನಾ ಇದೇ. ಸ್ವಚ್ಛತೆ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಹಾಗಿಲ್ಲ.

ಮಾರ್ಚ್ 9
ಜ್ವರ. ನಿಂತರೂ ನೋವು, ಕೂತರೂ ನೋವು. ಅತ್ತಿಗೆ ಆಸ್ಪತ್ರೆಗೆ ಎಳೆದುಕೊಂಡು ಹೋದರು. ಆಂಟಿಸೆಪ್ಟಿಕ್‌ನಲ್ಲಿ ತೊಳೆದುಕೊಳ್ಳುವ ವಿಷಯ ಕೇಳಿ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು.
"ತಿಕ್ಕಿ ತೊಳೆಯೋಕೆ ಅದೇನು ಪಾತ್ರೇನಾ? ಕಾಯೋ ಒಳ್ಳೇ ಕ್ರಿಮಿನೂ ಸಾಯತ್ತೆ. ಸೋಂಕು ಮೇಲಕ್ಕೆ ಹತ್ತಿದೆ, ಗರ್ಭಕೋಶ, ಅದರ ನಳಿಕೆವರೆಗೂ."
ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಮಗು ಆಗತ್ತಾ?"
"ತಡ ಮಾಡಿದ್ರೆ ನಳಿಕೆ ಮುಚ್ಚಿಕೊಳ್ಳೋ ಭಯ. ಈಗಲಾದ್ರೂ ಬಂದೆಯಲ್ಲ. ಹದಿನಾಲ್ಕು ದಿನ, ಒಂದು ಮಾತ್ರೆನೂ ಬಿಡಬೇಡ. ನಿನ್ನ ಗಂಡನೂ ತಗೋಬೇಕು, ಬರೆದಿದ್ದೀನಿ. ಒಬ್ಬರಿಂದ ಒಬ್ಬರಿಗೆ ಹತ್ತತ್ತೆ. ಮುಗಿಯೋವರೆಗೂ ದೂರ ಇರಿ."

ಮಾರ್ಚ್ 10
ಇವರಿಗೆ ಹೇಳಿದೆ. ಮುಖ ದಪ್ಪ ಮಾಡಿಕೊಂಡರು.
"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ. ನನ್ ಮೇಲೇ ಅನುಮಾನಾನಾ?"
"ಯಾರಿಂದ ಅಂತ ಡಾಕ್ಟರಮ್ಮನೂ ಹೇಳಲ್ಲ ರೀ. ಮದುವೆಗೆ ಮುಂಚಿನದೂ ಇರಬಹುದಂತೆ."
ಎದ್ದು ಹೋದರು.

ಮಾರ್ಚ್ 13
ಜ್ವರ ಇಳಿದಿದೆ. ನೋವೂ ಅರ್ಧ. ಇವರ ಮಾತ್ರೆ ಮಾತ್ರ ಹಾಗೇ ಬಿದ್ದಿದೆ. ನಾನೊಬ್ಬಳೇ ವಾಸಿಯಾದರೆ ಏನು ಬಂತು... ಮತ್ತೆ ಹತ್ತುತ್ತದೆ. ಸಿಟ್ಟು ಬಂತು, ಅಳುವೂ ಬಂತು. ಗಿರಾಕಿ ಇಲ್ಲದ ಹೊತ್ತು ನೋಡಿ ಪರದೆ ಸರಿಸಿದೆ.
"ಒಬ್ಬರಿಗೆ ಹಾಕಿದ ಬ್ಲೇಡು ಇನ್ನೊಬ್ಬರಿಗೆ ಹಾಕ್ತೀರಾ?"
"ಥೂ! ಯಾರಲ್ಲಿ ಏನಿದೆಯೋ, ಮುಖ ನೋಡಿದ್ರೆ ಗೊತ್ತಾಗತ್ತಾ?"
ಹೇಳಿದವರೇ ತಡೆದು ನಿಂತರು. ಕುತ್ತಿಗೆ ಕೆರೆದುಕೊಂಡರು.
"ಮದುವೆಗೆ ಮುಂಚೆ... ಒಂದ್ಸಲ..."
ಮಾತ್ರೆ, ನೀರಿನ ಲೋಟ ಮುಂದಿಟ್ಟೆ. ನುಂಗಿದರು.

ಮಾರ್ಚ್ 28, ಆಸ್ಪತ್ರೆ ಬೆಂಚು
ಇಬ್ಬರ ಕೋರ್ಸೂ ಮುಗಿದಿದೆ. ನೋವಿಲ್ಲ. ಸ್ಕ್ಯಾನ್ ಮಾಡಿದಾಕೆ "ಊತ ಇಳಿದಿದೆ" ಎಂದಳು. ಮಿಕ್ಕಿದ್ದು ಡಾಕ್ಟರಮ್ಮ ಹೇಳಬೇಕು. ಇಷ್ಟು ಹೆಂಗಸರ ನಡುವೆ ಗಂಡಸು ಇವರೊಬ್ಬರೇ. ಕಿವಿಯೆಲ್ಲ ಕೆಂಪು, ಆದರೂ ಕದಲುತ್ತಿಲ್ಲ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಾರೆ! ಇಣುಕಿದೆ. ಮೊದಲನೆಯದು: 'ಮಗುವಿಗೆ ಯಾವಾಗಿನಿಂದ ಪ್ರಯತ್ನಿಸಬಹುದು?' ನಗು ತಡೆಯಲಾಗುತ್ತಿಲ್ಲ.
ಕರೆದರು. ನನಗಿಂತ ಮೊದಲು ಇವರೇ ಎದ್ದು, "ಬಾರೇ, ಬರೆದಿದ್ದು ಸಾಕು" ಅಂತ—